ಕೊನೆಗೊಂದು ಚೊಂಬು ಕಾವೇರಿ

ಉದ್ದನೆಯ ಬಿಳಿ ಪೈಪುಗಳನ್ನು ಹೆಗಲ ಮೇಲೆ ಹೊತ್ತು ಕೆಂಪರಾಜ್ ಗೇಟು ತೆಗೆದದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡ ಗೌತಮಿ, ಅವು ತಮ್ಮ ಮನೆಯ ಸಿಂಕಿಗೇ ಬಂದವೆಂದು ತಿಳಿದಳು. ಸಿಂಕಿನ ಕೆಳಗೆ ನೀರು ಸೋರುತ್ತಿದೆ ಎಂದು ಅಮ್ಮ ಹಿಂದಿನ ದಿನವಷ್ಟೇ ಮನೆ ಓನರ್ ಆಂಜನಮ್ಮನವರ ಕಿವಿಗೆ ಹಾಕಿದ್ದರು. ಬೆಳಗಾಗುವುದರೊಳಗೆ ಮಗನನ್ನು ಪೈಪು ತರಲು ಓಡಿಸಿದ್ದಾರಲ್ಲ ಎಂದು ಅವಳಿಗೆ ಸಂಕೋಚವಾಯಿತು. ಹೇಳಬೇಕಾದ ಮಾತನ್ನು ಮೆಟ್ಟಿಲ ಮೇಲೆ ಮನಸ್ಸಿನಲ್ಲೇ ಹೇಳಿ ನೋಡಿಕೊಂಡು ಕೆಳಗಿಳಿದಳು.

"ಇಷ್ಟು ಬೇಗ ತರ್ತೀರ ಅಂದ್ಕೊಂಡಿರ್ಲಿಲ್ಲ. ತುಂಬಾ ಥ್ಯಾಂಕ್ಸ್."

ಕೆಂಪರಾಜ್ ಒಮ್ಮೆ ಅವಳನ್ನು, ಒಮ್ಮೆ ಪೈಪುಗಳನ್ನು ನೋಡಿದ. "ಇದು ಸೈಕಲ್‌ಗೆ ಕಣ್ರೀ."

"ಸೈಕಲ್‌ಗೆ ಪೈಪಾ?"

"ಸ್ಟ್ಯಾಂಡ್ ಮಾಡ್ತಿದೀನಿ. ತೊಳೆಯೋಕೆ, ನಿಲ್ಲಿಸೋಕೆ." ಅವನ ತುಟಿಯ ಒಂದು ತುದಿ ಮೇಲೆದ್ದಿತು. "ನಿಮಗೆ ಏನಕ್ಕೆ ಬೇಕಿತ್ತು?"

ಸಿಂಕಿನ ವಿಷಯ ಹೇಳುವಷ್ಟರಲ್ಲಿ ಗೌತಮಿಯ ಮುಖವೆಲ್ಲ ಬಿಸಿಯಾಗಿತ್ತು. ಅಮ್ಮ ಹೇಳಿದ್ದು ಅವನ ತನಕ ಬಂದೇ ಇರಲಿಲ್ಲ. ಆದರೂ ಅವನು ಒಂದು ತುಂಡು ಪೈಪು, ಮೂಲೆಗೆ ಹಾಕುವ ಒಂದು ಎಲ್ಬೋ ಹಿಡಿದುಕೊಂಡು ಮೇಲೆ ಬಂದ, ಸೋರುವುದನ್ನು ನಿಲ್ಲಿಸಿದ, ಕಾಫಿ ಕುಡಿದ. ಹೊರಡುವಾಗ ಬಾಗಿಲಲ್ಲಿ ನಿಂತು, ಪೈಪಿನ ಇನ್ನೊಂದು ತುದಿ ಹಿಡಿದುಕೊಳ್ಳಲು ತನಗೊಬ್ಬರು ಬೇಕೆಂದೂ, ಅಮ್ಮನನ್ನು ಕರೆದರೆ ಪೈಪಿಗಿಂತ ಹೆಚ್ಚಾಗಿ ತನ್ನನ್ನೇ ಹಿಡಿದುಕೊಂಡು ಮದುವೆ ಮಾತು ತೆಗೆಯುತ್ತಾರೆಂದೂ ಹೇಳಿದ. ಹೇಳಿದ್ದು ಗೌತಮಿಯ ಅಮ್ಮ ವಿಮಲಾಕ್ಷಿಗೆ. ನೋಡಿದ್ದು ಗೌತಮಿಯನ್ನು.

ಹೀಗೆ ಶುರುವಾಯಿತು.

ಗೌತಮಿಯ ಅಪ್ಪ ಶಿವರುದ್ರಪ್ಪನವರಿಗೆ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ದಾವಣಗೆರೆಯಿಂದ ವರ್ಗವಾಗಿ ಬಂದಾಗ, ಜೀವನ್ ಬಿಮಾ ನಗರಕ್ಕೆ ಅಂಟಿಕೊಂಡಂತಿರುವ ಕೋಡಿಹಳ್ಳಿಯ ಈ ಮಹಡಿ ಮನೆ ಹಿಡಿದರು. ಆಂಜನಮ್ಮನವರ ಅತ್ತೆ ಮಾವ ರಾಗಿ ಬೆಳೆಯುತ್ತಿದ್ದ ಜಾಗವಂತೆ ಇದು. ಈಗ ಕೆಳಗೆ ತಾಯಿ ಮಗ, ಮೇಲೆ ಬಾಡಿಗೆಯವರು. ಡಿಗ್ರಿ ಮುಗಿಸಿದ್ದ ಗೌತಮಿ ಮನೆಯಲ್ಲೇ ಕೂತು ಆನ್‌ಲೈನ್ ಶಾಲೆಯೊಂದಕ್ಕೆ ಕನ್ನಡ ಪಾಠಗಳನ್ನು ತಿದ್ದಿಕೊಡುತ್ತಿದ್ದಳು. ದಿನಕ್ಕೆ ಸಾವಿರಾರು ಪದ ಓದುವವಳು, ಆಡುವ ಪದಗಳನ್ನು ಮಾತ್ರ ಎಣಿಸಿ ಆಡುವಳು.

ಕೆಂಪರಾಜ್ ಇಂದಿರಾನಗರದ ಕನ್ನಡಕದಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಹೋದ ವರ್ಷ ಅವಳ ಕಣ್ಣನ್ನೂ ನೋಡಿದ್ದ. ಕತ್ತಲ ಕೋಣೆ, ಒಂದು ಪುಟ್ಟ ದೀಪ, ಅದರ ಹಿಂದೆ ಅವನ ಉಸಿರು. ಮೇಲೆ ನೋಡಿ, ಕೆಳಗೆ ನೋಡಿ, ಈಗ ನನ್ನ ಕಿವಿ ನೋಡಿ ಅಂದಿದ್ದ. ಅಂದಿನಿಂದ ಗೌತಮಿಗೆ ಆ ಕಿವಿ ಚೆನ್ನಾಗಿ ಗೊತ್ತು. ಮುಖ ನೋಡುವ ಧೈರ್ಯ ಬಾರದಾಗಲೆಲ್ಲ ಅವಳು ನೋಡುತ್ತಿದ್ದದ್ದು ಕಿವಿಯನ್ನೇ.

*

ಸ್ಟ್ಯಾಂಡು ಕಟ್ಟಿದ್ದು ಗೋಡೆಗೂ ಕಾಂಪೌಂಡಿಗೂ ನಡುವಿನ ಓಣಿಯಲ್ಲಿ, ಸರಿಯಾಗಿ ಗೌತಮಿಯ ಅಡುಗೆಮನೆ ಕಿಟಕಿಯ ಕೆಳಗೆ. ಅವನು ಗರಗಸ ಆಡಿಸುವಾಗ ಅವಳು ಪೈಪು ಅಲುಗದಂತೆ ಒತ್ತಿ ಹಿಡಿದಳು. ಗುರುತು ಹಾಕಲು ಪೆನ್ಸಿಲ್ ಹುಡುಕಿದರೆ ಸಿಗಲಿಲ್ಲ. ಅವಳು ಮೇಲೆ ಹೋಗಿ ತನ್ನ ಕಾಡಿಗೆಯ ಪೆನ್ಸಿಲ್ ತಂದಳು. ಬಿಳಿ ಪೈಪಿನ ಮೇಲೆ ಅಲ್ಲಲ್ಲಿ ಕಾಡಿಗೆಯ ಗೆರೆ ಬಿತ್ತು.

ಮೊದಲು ಅಂಟು ಹಾಕದೆ ಎಲ್ಲವನ್ನೂ ಸುಮ್ಮನೆ ಸಿಕ್ಕಿಸಿ ನೋಡಬೇಕು ಎಂದು ಅವನು ಹೇಳಿಕೊಟ್ಟ. ನೆಲದ ಮೇಲೆ ಅಗಲವಾಗಿ ಚಾಚಿದ ಪಾದ, ಅದರಿಂದ ಎದೆಯೆತ್ತರಕ್ಕೆ ಎದ್ದ ಎರಡು ಕಂಬ, ಕಂಬಗಳ ಮೇಲೊಂದು ಅಡ್ಡ ಪೈಪು. ಆ ಅಡ್ಡ ಪೈಪಿಗೆ ಸೀಟಿನ ಮೂತಿ ಸಿಕ್ಕಿಸಿದರೆ ಹಿಂದಿನ ಚಕ್ರ ನೆಲ ಬಿಟ್ಟು ನಿಲ್ಲುತ್ತದೆ. ಆಗ ಪೆಡಲ್ ತಿರುಗಿಸುತ್ತ ಚೈನಿನ ಕೊಳೆಯನ್ನೆಲ್ಲ ತೆಗೆಯಬಹುದು. ವಾಲದಿರಲಿ ಎಂದು ಪಾದದ ಪೈಪುಗಳೊಳಗೆ ಮರಳು ತುಂಬಿದರು. ಸೀಟು ಜಾರದಿರಲಿ ಎಂದು ಅಡ್ಡ ಪೈಪಿಗೆ ಹಳೇ ಟ್ಯೂಬು ಸುತ್ತಿದವಳು ಗೌತಮಿ. ಜಡೆ ಹೆಣೆದಷ್ಟು ನಯವಾಗಿ, ಸುತ್ತಿನ ಮೇಲೆ ಸುತ್ತು ಕೂರಿಸಿದಳು.

ಅಂಟು ಹಚ್ಚುವ ಹೊತ್ತು ಬಂದಾಗ ಅವನ ದನಿ ತಗ್ಗಿತು. "ಒಂದ್ಸಲ ಕೂತ್ಕೊಂಡ್ರೆ ಮತ್ತೆ ಬಿಡಿಸೋಕಾಗಲ್ಲ. ಹಿಡ್ಕೊಳ್ಳಿ. ನಾನು ಹೇಳೋ ತನಕ ಬಿಡ್ಬೇಡಿ."

ಅವಳು ಹಿಡಿದಳು. ಅವಳ ಬೆರಳುಗಳ ಪಕ್ಕದಲ್ಲೇ ಅವನ ಬೆರಳುಗಳೂ ಇದ್ದವು. ಅಂಟು ಒಣಗುವಷ್ಟು ಹೊತ್ತು ಇಬ್ಬರೂ ಪೈಪನ್ನು ನೋಡುತ್ತ ನಿಂತರು. ಮೇಲೆ ವಿಮಾನವೊಂದು ಹೋಯಿತು. ಪಕ್ಕದ ಮನೆಯ ಕುಕ್ಕರ್ ಕೂಗಿತು. ಒಣಗಿ ಎಷ್ಟೋ ಹೊತ್ತಾದ ಮೇಲೂ ಅವನು ಬಿಡಿ ಅನ್ನಲಿಲ್ಲ. ಅವಳೂ ಕೇಳಲಿಲ್ಲ.

ನೀರಿನ ಏರ್ಪಾಡೂ ಇಬ್ಬರದೇ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟ ಮೇಲೆ, ಈ ಮನೆಯಲ್ಲಿ ಗಾಡಿಗೆ ಪೈಪು ಹಿಡಿದು ನೀರು ಬಿಡುವಂತಿಲ್ಲ ಎಂದು ಆಂಜನಮ್ಮ ಕಟ್ಟಪ್ಪಣೆ ಮಾಡಿದ್ದರು. ಗೌತಮಿಯ ಮನೆಯ ಆರ್‌ಓ ಫಿಲ್ಟರು ಕುಡಿಯುವ ನೀರು ಕೊಟ್ಟು, ಉಳಿದ ಗಡಸು ನೀರನ್ನು ಸಿಂಕಿಗೆ ಚೆಲ್ಲುತ್ತಿತ್ತು. ಅದನ್ನು ಸಣ್ಣದೊಂದು ಟ್ಯೂಬಿನಲ್ಲಿ ಕಿಟಕಿಯಿಂದ ಕೆಳಗಿಳಿಸಿ ಬಕೆಟ್ಟಿಗೆ ಹಿಡಿಯುವುದೆಂದಾಯಿತು. ಆ ನೀರು ಹಾಗೇ ಒಣಗಿದರೆ ಮಾತ್ರ ಬಿಳಿ ಕಲೆ ಬೀಳುತ್ತದೆ. ಅದಕ್ಕೇ ಕೊನೆಯಲ್ಲಿ ಒಂದೇ ಒಂದು ಚೊಂಬು ಒಳ್ಳೆಯ ಕಾವೇರಿ ನೀರು ಸುರಿಯಬೇಕು. ಕಾವೇರಿ ಬರುವುದು ದಿನ ಬಿಟ್ಟು ದಿನ. ಹಾಗಾಗಿ ಗೌತಮಿ ಅದನ್ನು ಕೊಳಗದಲ್ಲಿ ತುಂಬಿ ಮುಚ್ಚಿಡುತ್ತಿದ್ದಳು.

ಭಾನುವಾರ ಕೆ.ಆರ್. ಪುರದ ಕಡೆ ಸೈಕಲ್ ಹೊಡೆದು ಬಂದ ಕೆಂಪರಾಜ್ ತಲೆಯೆತ್ತಿ, "ಗೌತಮಿ ಅವ್ರೇ, ಕೊನೇ ಚೊಂಬು" ಅನ್ನುವನು. ಅವಳು ಚೊಂಬಿನ ಕುತ್ತಿಗೆಗೆ ದಾರ ಕಟ್ಟಿ ಕಿಟಕಿಯಿಂದ ಇಳಿಬಿಡುವಳು. ಅವನು ಎರಡೂ ಕೈ ಚಾಚಿ ಇಸಿದುಕೊಳ್ಳುವನು. ಅಷ್ಟೇ. ಆದರೆ ಆ ಒಂದು ಚೊಂಬಿಗಾಗಿ ಅವಳ ವಾರವೆಲ್ಲ ಕಾಯುತ್ತಿತ್ತು.

*

ಆಮೇಲೆ ಒಂದು ಭಾನುವಾರ ಹಂಸ ಬಂದಳು.

ಕಮ್ಮನಹಳ್ಳಿಯ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ಭಾನುವಾರದ ಸೈಕಲ್ ಗುಂಪಿನವಳು. ಅವರ ಅಪಾರ್ಟ್‌ಮೆಂಟಿನಲ್ಲಿ ಗಾಡಿ ತೊಳೆಯಲು ಬಿಡುವುದಿಲ್ಲವಂತೆ. ಕಪ್ಪನೆಯ, ಮಿರುಗುವ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಓಣಿಗೆ ಬಂದವಳು ಸ್ಟ್ಯಾಂಡಿನ ಸುತ್ತ ಒಂದು ಸುತ್ತು ಹಾಕಿದಳು.

"ಏನ್ ಗುರು, ಕಣ್ಣು ನೋಡೋದು ಬಿಟ್ಟು ಪ್ಲಂಬರ್ ಆಗ್ಬಿಟ್ಟಿದೀಯ?"

"ಮೊದ್ಲು ಆ ಕೆಸರು ಶೂ ಬಿಚ್ಚು, ಆಮೇಲೆ ಮಾತಾಡು," ಎಂದ ಕೆಂಪರಾಜ್.

ಮೇಲೆ ಕಿಟಕಿಯಲ್ಲಿ ಗೌತಮಿಯ ಕೈಲಿದ್ದ ಸೌಟು ನಿಂತಿತು. ಬಿಚ್ಚು ಅಂದ, ಮಾತಾಡು ಅಂದ. ಎರಡು ವರ್ಷದಿಂದ ತನಗೆ ಗೌತಮಿ ಅವ್ರೇ, ಹಿಡ್ಕೊಳ್ಳಿ, ಕೊಡಿ. ಮರ್ಯಾದೆ ಎನ್ನುವುದು ಇಷ್ಟು ದೂರದ ವಸ್ತುವೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಹಂಸ ಅಡ್ಡ ಪೈಪಿನ ಮೇಲೆ ಬೆರಳಾಡಿಸಿ, ಈ ಟ್ಯೂಬು ಸುತ್ತಿದವರು ಯಾರು, ಇಷ್ಟು ನೀಟಾದ ಕೆಲಸ ನಿನ್ನದಂತೂ ಅಲ್ಲ ಎಂದಳು. ಕೆಂಪರಾಜ್ ಕಿಟಕಿಯ ಕಡೆ ನೋಡಿದ. ಆದರೆ ಗೌತಮಿ ಅಷ್ಟರಲ್ಲಿ ಗೋಡೆಯ ಮರೆಗೆ ಸರಿದಿದ್ದಳು. ಆ ನೋಟ ಖಾಲಿ ಕಿಟಕಿಯನ್ನು ನೋಡಿ ವಾಪಸಾಯಿತು.

ಕಪ್ಪು ಸೈಕಲ್ ಸ್ಟ್ಯಾಂಡಿಗೇರಿತು. ಕೆಂಪರಾಜ್ ಕುಕ್ಕರಗಾಲಲ್ಲಿ ಕೂತು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಚೈನನ್ನು ಕೊಂಡಿ ಕೊಂಡಿಯಾಗಿ ಉಜ್ಜಿದ. ತನ್ನ ಕಣ್ಣು ನೋಡುವಾಗಲೂ ಅವನು ಅಷ್ಟು ಹತ್ತಿರ ಬಾಗಿರಲಿಲ್ಲ ಎನ್ನಿಸಿತು ಗೌತಮಿಗೆ. ಬಕೆಟ್ಟಿನಲ್ಲಿದ್ದದ್ದು ತನ್ನ ಮನೆಯ ನೀರು. ಸೈಕಲ್ ನಿಂತಿದ್ದದ್ದು ತಾನು ಹಿಡಿದುಕೊಂಡ ಪೈಪಿನ ಮೇಲೆ. ಕೊನೆಗೆ ಅವನು ಕೂಗಿದಾಗ ಚೊಂಬನ್ನೂ ಇಳಿಬಿಟ್ಟಳು. ತಾನು ಮುಚ್ಚಿಟ್ಟ ಕಾವೇರಿಯಲ್ಲಿ ಹಂಸಳ ಸೈಕಲ್ ಮೈತೊಳೆದುಕೊಂಡು ಬಿಸಿಲಿಗೆ ಫಳಫಳ ಹೊಳೆಯಿತು.

"ಯಾಕ ಗೌತಮಿ, ಸಾರಿಗೆ ಎರಡು ಸಲ ಉಪ್ಪು ಹಾಕೀದಿ?" ಎಂದು ಅಮ್ಮ ಊಟಕ್ಕೆ ಕೂತಾಗ ಕೇಳಿದರು. ಗೌತಮಿ ಇನ್ನೊಂದು ಲೋಟ ನೀರು ಕುಡಿದಳು.

ಮುಂದಿನ ಭಾನುವಾರವೂ ಹಂಸ ಬಂದಳು. ಅದರ ಮುಂದಿನದಕ್ಕೂ. ಹಂಸ ನಗುವಾಗ ಕೆಂಪರಾಜನ ಭುಜಕ್ಕೆ ಕೈಯ ಹಿಂಬದಿಯಿಂದ ಒಂದು ಏಟು ಹಾಕುವುದನ್ನು ಗೌತಮಿ ಕಲಿತುಕೊಂಡಳು. ಅಂದರೆ, ನಗು ಶುರುವಾದೊಡನೆ ಏಟು ಈಗ ಬೀಳುತ್ತದೆ ಎಂದು ಮೊದಲೇ ಗೊತ್ತಾಗುವಷ್ಟು ನೋಡಿದಳು. ಹಂಸ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು. ಅವಳೋ ಮೆಟ್ಟಿಲ ಹತ್ತಿರ ಸಿಕ್ಕಿದಾಗ ಗೌತಮಿಯ ಬಳೆ ಎಲ್ಲಿಯದು ಎಂದು ಕೇಳಿ, ಕಮರ್ಷಿಯಲ್ ಸ್ಟ್ರೀಟಿಗೆ ಒಟ್ಟಿಗೆ ಹೋಗೋಣ ಅಂದಳು. ಅಂಥವಳನ್ನು ದ್ವೇಷಿಸುವುದು ಮೈಮುರಿಯುವ ಕೆಲಸ. ಗೌತಮಿ ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿದಳು.

*

ನಾಲ್ಕನೆಯ ಭಾನುವಾರ ಹಂಸಳಿಗೆ ಆತುರವಿತ್ತು. ಬ್ಯಾಂಕಿನ ಟ್ರೇನಿಂಗಿಗೆ ಚೆನ್ನೈಗೆ ಹೋಗಬೇಕು, ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಮಧ್ಯಾಹ್ನದ ಟ್ರೈನು. ವಾಪಸ್ಸು ಬರುವ ತನಕ ಸೈಕಲ್ ಇಲ್ಲೇ ಸ್ಟ್ಯಾಂಡಿನ ಮೇಲೆ ಇರಲಿ ಎಂದಳು. ಕೆಂಪರಾಜ್ ಸರಿ ಎಂದ. ತನ್ನ ಸೈಕಲ್ಲನ್ನು ತೆಗೆದು ಗೇಟಿಗೆ ಒರಗಿಸಿದ.

ಒಂದು ವಾರ. ತನ್ನ ಕಿಟಕಿಯ ಕೆಳಗೆ.

ಸೋಪಿನ ನೊರೆ ತೊಳೆದ ಮೇಲೆ ಅವನು ಎಂದಿನಂತೆ ತಲೆಯೆತ್ತಿದ. "ಗೌತಮಿ ಅವ್ರೇ, ಕೊನೇ ಚೊಂಬು."

ಚೊಂಬು ತುಂಬಿತ್ತು. ದಾರವೂ ಕಟ್ಟಿತ್ತು. ಗೌತಮಿ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಹೇಳಿದಳು, "ಇವತ್ತು ಕಾವೇರಿ ಬಂದಿಲ್ಲ. ಕೊಳಗಾನೂ ಖಾಲಿ."

ಅವಳ ದನಿ ಓಣಿಯ ತುದಿಯವರೆಗೂ ಕೇಳುವಷ್ಟು ಸ್ಪಷ್ಟವಾಗಿತ್ತು. ಕೆಂಪರಾಜ್ ಕೈಯಲ್ಲಿ ಬಟ್ಟೆ ಹಿಡಿದು ಹಾಗೇ ನೋಡುತ್ತ ನಿಂತ.

"ಬಂದಿಲ್ವಾ?"

"ಬಂದಿಲ್ಲ."

"ಸರಿ ಬಿಡಿ," ಎಂದ.

ಒರೆಸಲು ಹೊತ್ತಿರಲಿಲ್ಲ. ಆಟೋ ಬುಕ್ ಆಗುತ್ತಿಲ್ಲ ಎಂದು ಹಂಸ ಫೋನಿಗೆ ಬೈಯುತ್ತಿದ್ದಳು. ಕೆಂಪರಾಜ್ ಸ್ಕೂಟರ್ ತೆಗೆದ. ಹಂಸ ಬ್ಯಾಗು ತಬ್ಬಿಕೊಂಡು ಹಿಂದೆ ಕೂತಳು. ನೀರು ತೊಟ್ಟಿಕ್ಕುತ್ತಿದ್ದ ಕಪ್ಪು ಸೈಕಲ್ ಹಾಗೇ ಬಿಸಿಲಿನಲ್ಲಿ ಉಳಿಯಿತು. ಗೌತಮಿ ಚೊಂಬಿನ ನೀರನ್ನು ಅಮ್ಮನ ದಾಸವಾಳದ ಕುಂಡಕ್ಕೆ ಸುರಿದಳು. ಎದೆಯೊಳಗೆ ಏನೋ ಗೆದ್ದಂತಿತ್ತು. ಆ ಗೆಲುವು ಸಂಜೆಯವರೆಗೂ ಬಾಳಲಿಲ್ಲ.

ಸೋಮವಾರ ಬೆಳಗ್ಗೆ ನೋಡಿದರೆ ಕಪ್ಪು ಮೈಮೇಲೆ ಅಕ್ಕಿಹಿಟ್ಟು ಚಿಮುಕಿಸಿದಂತೆ ಬಿಳಿ ಚುಕ್ಕೆ. ಅನ್ನ ಬಸಿಯುವಾಗ ಕಂಡಿತು, ಪಾತ್ರೆ ತೊಳೆಯುವಾಗ ಕಂಡಿತು. ಕಿಟಕಿ ಮುಚ್ಚಿದರೂ ಕಂಡಿತು. ದಿನವೂ ಕೆಲಸಕ್ಕೆ ಹೊರಡುವ ಮುಂಚೆ ಕೆಂಪರಾಜ್ ಅದರ ಎದುರು ನಿಲ್ಲುತ್ತಿದ್ದ. ಒರೆಸುವುದಿಲ್ಲ, ಮುಟ್ಟುವುದಿಲ್ಲ. ನೋಡಿ ಹೋಗುತ್ತಿದ್ದ. ಗುರುವಾರ ಅವಳು ಮೆಟ್ಟಿಲಿಳಿಯುವಾಗ ಆಂಜನಮ್ಮ ಮಗನಿಗೆ ಹೇಳುವುದು ಕೇಳಿಸಿತು.

"ಏನ್ಲಾ ಇದು, ಸುಣ್ಣ ಎರಚಿದಂಗೆ ಆಗೈತೆ. ಬೇರೆ ಮನೆ ಹುಡುಗಿ ವಸ್ತು ಹಿಂಗಾ ಇಟ್ಕೊಳ್ಳೋದು?"

"ಒರೆಸೋದು ಮರೆತೆ ಅಮ್ಮ. ನಂದೇ ತಪ್ಪು."

ಗೌತಮಿ ಮೆಟ್ಟಿಲ ಮೇಲೆಯೇ ಕೂತಳು. ಅವನು ಹಂಸಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದದ್ದು ಕೂಡ ಇಷ್ಟು ಚುಚ್ಚಿರಲಿಲ್ಲ. ಹಂಸ ಬಂದು ನೋಡಿದಾಗಲೂ ಅವನು ಇದನ್ನೇ ಹೇಳುತ್ತಾನೆ, ತಾನು ಕಿಟಕಿಯ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ಅಂಥವಳಾಗಿ ಉಳಿದರೆ, ಆಮೇಲೆ ಅವನು ಯಾರ ಕಡೆ ನೋಡಿದರೂ ತನಗೆ ಕೇಳುವ ಬಾಯಿರುವುದಿಲ್ಲ.

*

ಶನಿವಾರ ಬೆಳಗ್ಗೆ ಅವಳು ಫ್ರಿಡ್ಜಿನಿಂದ ನಿಂಬೆಹಣ್ಣು ತೆಗೆದು ಹೋಳು ಮಾಡಿಕೊಂಡು ಕೆಳಗೆ ಬಂದಳು. ಕಲೆಯ ಮೇಲೆ ಹೋಳನ್ನು ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿದಳು. ಕಪ್ಪು ಬಣ್ಣ ಮೆಲ್ಲಗೆ ಕಣ್ಣು ಬಿಟ್ಟಿತು. ಹ್ಯಾಂಡಲ್ಲಿನ ತನಕ ಬರುವಷ್ಟರಲ್ಲಿ ಹಿಂದೆ ಚಪ್ಪಲಿ ಸದ್ದಾಯಿತು.

ಕೆಂಪರಾಜ್ ಕಾಫಿ ಲೋಟವನ್ನು ಕಾಂಪೌಂಡಿನ ಮೇಲಿಟ್ಟು, ಇನ್ನೊಂದು ಹೋಳು ಎತ್ತಿಕೊಂಡು ಆ ಬದಿಯಲ್ಲಿ ಕೂತ. ನಡುವೆ ಸೈಕಲ್ಲಿನ ಚಕ್ರ, ಚಕ್ರದ ಕಡ್ಡಿಗಳ ಆಚೆ ಅವನ ಮುಖ.

"ಅವತ್ತು ಕಾವೇರಿ ಬಂದಿತ್ತು," ಎಂದಳು ಗೌತಮಿ, ಅವನ ಕಿವಿ ನೋಡುತ್ತ.

"ಗೊತ್ತು."

"ಹೇಗೆ?"

"ನಿಮ್ಮನೆಗೆ ನೀರು ಬಿಡೋ ವಾಲ್ವು ಗೇಟ್ ಹತ್ರ ಇದೆ. ಅದನ್ನ ತಿರುಗಿಸೋನು ನಾನೇ. ಅವತ್ತು ಬೆಳಗ್ಗೆ ಎದ್ದು ನೀರು ಬಿಟ್ಟೇ ಸೈಕಲ್ ಹತ್ತಿದ್ದು."

ಗೌತಮಿ ಕಣ್ಣು ಮುಚ್ಚಿಕೊಂಡಳು. ಇಡೀ ಬೆಂಗಳೂರಿನಲ್ಲಿ ಆ ಸುಳ್ಳನ್ನು ಹೇಳಬಾರದಿದ್ದ ಒಬ್ಬನೇ ಒಬ್ಬ ಮನುಷ್ಯನಿಗೆ ಅದನ್ನು ಹೇಳಿದ್ದಳು.

"ಮತ್ತೆ ಸುಮ್ನೆ ಯಾಕಿದ್ರಿ?"

"ಯಾಕೆ ಸುಳ್ಳು ಹೇಳಿದ್ರಿ ಅಂತ ಮೊದ್ಲು ಗೊತ್ತಾಗ್ಲಿಲ್ಲ. ಸ್ಟೇಷನ್‌ಗೆ ಹೋಗ್ತಾ ಹಲಸೂರು ಕೆರೆ ಹತ್ರ ಹೊಳೀತು. ಒಳಗೊಳಗೇ ನಕ್ಕೆ." ಅವನು ಹೋಳನ್ನು ಹಿಂಡಿದ. "ವಾಪಸ್ ಬಂದು ಒರೆಸ್ಬಹುದಿತ್ತು. ಒರೆಸಿಬಿಟ್ರೆ ನೀವು ಕೆಳಗೆ ಬರ್ತಿರ್ಲಿಲ್ಲ."

ಅವಳು ಬಟ್ಟೆಯನ್ನು ಪೆಡಲ್ಲಿನ ಮೇಲಿಟ್ಟಳು.

"ಇನ್ನೊಂದು ವಿಷ್ಯ. ಬೇರೆಯವರು ಹೇಳೋ ಬದ್ಲು ನಾನೇ ಹೇಳ್ಬಿಡ್ತೀನಿ," ಎಂದ ಅವನು. ದನಿಯಲ್ಲಿ ತಮಾಷೆ ಇರಲಿಲ್ಲ. "ಯುಗಾದಿ ಆದ್ಮೇಲೆ ಹಂಸ ನನ್ನ ಕೇಳಿದ್ಲು. ಮನಸ್ಸು ಬೇರೆ ಕಡೆ ಇದೆ ಅಂದೆ. ಅಲ್ಲಿ ಒಪ್ಪಿದ್ರಾ ಅಂದ್ಲು. ಇನ್ನೂ ಕೇಳೇ ಇಲ್ಲ ಅಂದೆ. ಹೆದ್ರುಪುಕ್ಲ ಅಂತ ಬೈದ್ಲು."

ಹಾಗಾದರೆ ತನ್ನ ಹೊಟ್ಟೆಕಿಚ್ಚು ಬರೀ ಭ್ರಮೆಯಾಗಿರಲಿಲ್ಲ. ಅದರಲ್ಲಿ ಗೌತಮಿಗೆ ಒಂದು ವಿಚಿತ್ರ ಸಮಾಧಾನ ಸಿಕ್ಕಿತು. ಮರುಗಳಿಗೆಯೇ ಮತ್ತೆ ಉರಿಯಿತು.

"ಏನಂತ ಕೇಳಿದ್ಲು?"

"ಅದು ಬಿಡಿ. ನಾನು ಕೇಳೋದನ್ನ ಕೇಳಿಸ್ಕೊಳ್ಳಿ." ಅವನು ಕಡ್ಡಿಗಳ ನಡುವಿನಿಂದ ನೇರವಾಗಿ ನೋಡಿದ. "ನಂಗೆ ನೀವು ಬೇಕು. ಬಾಡಿಗೆ ಮನೆಯವರ ಮಗಳು ಏನಂದ್ಕೋತಾಳೋ, ಓನರ್ ಅನ್ನೋ ಧೈರ್ಯಕ್ಕೆ ಕೇಳ್ದ ಅಂದ್ಕೊಂಡ್ರೆ ಅಂತ ಇಷ್ಟು ದಿನ ಬಾಯಿ ಬರ್ಲಿಲ್ಲ. ಬೇಡ ಅಂದ್ರೆ ಬೇಡ. ನೀರು, ಸಿಂಕು ಎಲ್ಲಾ ಹಿಂಗೇ ನಡಿಯುತ್ತೆ."

ಗೌತಮಿ ಮೊದಲ ಸಲ ಕಿವಿಯಿಂದ ನೋಟ ಕಿತ್ತು ಅವನ ಕಣ್ಣಿಗೆ ತಂದಳು. ದಿನವಿಡೀ ಬೇರೆಯವರ ಕಣ್ಣು ನೋಡುವವನ ಕಣ್ಣುಗಳಲ್ಲಿ ಈಗ ಹೆದರಿಕೆಯಿತ್ತು.

"ನಾನು ನೀವು ಅಂದ್ಕೊಂಡಷ್ಟು ಒಳ್ಳೆಯವಳಲ್ಲ," ಎಂದಳು. "ನಂಗೆ ಹೊಟ್ಟೆ ಉರಿಯುತ್ತೆ. ನಾಳೆ ಅವಳು ಬಂದ್ರೂ ಉರಿಯುತ್ತೆ. ನಿಮ್ಮ ಅಂಗಡಿಗೆ ಕಣ್ಣು ತೋರಿಸೋಕೆ ಬರೋ ಹುಡುಗೀರನ್ನ ನೆನೆಸ್ಕೊಂಡ್ರೂ ಉರಿಯುತ್ತೆ."

"ಅರವತ್ತು ದಾಟಿದ ಅಜ್ಜೀರೇ ಜಾಸ್ತಿ ಬರೋದು."

"ಆದ್ರೂ."

ಅವನು ನಗಲಿಲ್ಲ. ಚಕ್ರದ ಮೇಲಿನಿಂದ ಅಂಗೈ ಚಾಚಿದ. ನಿಂಬೆರಸದಲ್ಲಿ ಒದ್ದೆಯಾಗಿದ್ದ ಆ ಅಂಗೈಯಲ್ಲಿ ಗೌತಮಿ ತನ್ನ ಕೈಯಿಟ್ಟಳು. ಅವಳ ಬೆರಳ ತುದಿಯಲ್ಲಿ ಎಲ್ಲೋ ಗೀರೊಂದಿತ್ತು, ಚುರ್ರೆಂದಿತು. ತೆಗೆಯಲಿಲ್ಲ.

*

ಮರುದಿನ ಹಂಸ ಬಂದಾಗ ಗೌತಮಿ ಕಿಟಕಿಯಲ್ಲಿರಲಿಲ್ಲ. ಓಣಿಯಲ್ಲಿದ್ದಳು. ಕೆಂಪರಾಜ್ ಬಾಯಿ ತೆರೆಯುವ ಮುಂಚೆ ತಾನೇ ಹೇಳಿದಳು: ನಿಮ್ಮ ಸೈಕಲ್ಲಿಗೆ ಕಲೆ ಬಿದ್ದಿತ್ತು, ಬೀಳಿಸಿದವಳು ನಾನು, ನೀರಿದ್ದೂ ಇಲ್ಲ ಅಂದೆ. ಅಷ್ಟು ಹೇಳುವುದರಲ್ಲಿ ಅವಳ ಕತ್ತಿನ ತನಕ ಕೆಂಪೇರಿತ್ತು.

ಹಂಸ ಸೀಟಿನ ಕೆಳಗೆ ಬೆರಳು ಸವರಿ ಮೂಸಿ ನೋಡಿದಳು. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಅವಳ ನೋಟ ಹೋಗಿಬಂತು. ಒಂದು ಕ್ಷಣ ಆ ಕಣ್ಣುಗಳು ಎಲ್ಲಿಯೂ ನಿಲ್ಲಲಾಗದೆ ಗೋಡೆಯ ಕಡೆ ತಿರುಗಿದವು. ಗೌತಮಿ ಅದನ್ನು ಕಂಡಳು. ಅಷ್ಟು ವಾರ ತಾನು ಕಿಟಕಿಯಲ್ಲಿ ನಿಂತು ಪಟ್ಟದ್ದನ್ನೇ ಆ ಒಂದು ಕ್ಷಣದಲ್ಲಿ ಕಂಡಳು.

"ಅಂತೂ ಕೇಳಿದ್ನಾ?" ಎಂದಳು ಹಂಸ. ನಗು ಬಂತು, ಆದರೆ ಭುಜಕ್ಕೆ ಏಟು ಬೀಳಲಿಲ್ಲ. "ಆ ಟ್ಯೂಬ್ ಸುತ್ತಿದ್ದು ನೋಡ್ದಾಗ್ಲೇ ಯಾರು ಅಂತ ನಂಗೆ ಗೊತ್ತಾಯ್ತು. ಸುಮ್ನೆ ಒಂದೆರಡು ವಾರ ಗೊತ್ತಿಲ್ಲದಂಗೆ ಬಂದೆ."

ಹೆಲ್ಮೆಟ್ ಹಾಕಿಕೊಳ್ಳುತ್ತ, ಇನ್ನು ಮೇಲೆ ಬೇರೆಲ್ಲಾದರೂ ತೊಳೆದುಕೊಳ್ಳುತ್ತೇನೆ ಅಂದಳು.

"ಬೇಡ," ಎಂದಳು ಗೌತಮಿ. "ಮುಂದಿನ ವಾರ ಬನ್ನಿ. ನಾನೇ ತೊಳೆದುಕೊಡ್ತೀನಿ. ಇವರು ಬೇಡ."

ಹಂಸ ಈ ಸಲ ನಿಜವಾಗಿ ನಕ್ಕಳು. ಕಪ್ಪು ಸೈಕಲ್ ಗೇಟು ದಾಟಿ, ಜೀವನ್ ಬಿಮಾ ನಗರದ ಮರಗಳ ಕಡೆ ತಿರುಗಿತು. ತಿರುವಿನಲ್ಲಿ ಅವಳು ಹಿಂದಿರುಗಿ ನೋಡದೆಯೇ ಕೈ ಎತ್ತಿದಳು. ಕೆಂಪರಾಜನೂ ಕೈ ಎತ್ತಿದ. ಆ ಕೈ ಗಾಳಿಯಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಇದ್ದಂತೆ ಗೌತಮಿಗೆ ಅನ್ನಿಸಿತು. ಅವಳು ಅದನ್ನು ಹಿಡಿದು ಕೆಳಗಿಳಿಸಿದಳು. ಇಳಿಸಿದ ಮೇಲೂ ಬಿಡಲಿಲ್ಲ.